ಹಳೆಯ ಕರಡನ್ನು ಕಾಪಾಡುವ ಸ್ಕ್ರಿವ್ನರ್: ಒಬ್ಬ ಕಾದಂಬರಿಕಾರ್ತಿಯ ಅನುಭವ

ನಾನು ಬರೆಯುತ್ತಿರುವ ಕಾದಂಬರಿಯ ಮೊದಲ ಕರಡಿನಲ್ಲಿ ನಿರೂಪಕಿ ತನ್ನ ತಂದೆಯ ಬಗ್ಗೆ ಏಕವಚನದಲ್ಲಿ ಮಾತನಾಡುತ್ತಿದ್ದಳು. ಎರಡನೆಯ ಕರಡಿಗೆ ಬರುವಷ್ಟರಲ್ಲಿ ಅದು ಬಹುವಚನವಾಯಿತು. ‘ಅಪ್ಪ ಬಂದ’ ಎಂದಿದ್ದುದು ‘ಅಪ್ಪ ಬಂದರು’ ಎಂದಾದಾಗ ಕ್ರಿಯಾಪದಗಳೂ ಸರ್ವನಾಮಗಳೂ ಅದರ ಹಿಂದೆಯೇ ಬದಲಾಗಬೇಕಾದವು, ಮಗಳಿಗೂ ತಂದೆಗೂ ನಡುವಿನ ಅಂತರವೂ ಬದಲಾಯಿತು. ಆರು ತಿಂಗಳ ಬಳಿಕ, ಮೂರು ದೃಶ್ಯಗಳ ಮಟ್ಟಿಗಾದರೂ ಮೊದಲಿನ ಸಲಿಗೆಯೇ ಸರಿಯಿತ್ತೆಂದು ಮನಸ್ಸಿಗೆ ಬಂದಾಗ ಆ ಹಳೆಯ ಪಾಠಗಳು ನನ್ನ ಬಳಿ ದಿನಾಂಕ ಸಮೇತ ಉಳಿದಿದ್ದವು. ಅವುಗಳನ್ನು ಉಳಿಸಿಕೊಟ್ಟ ಸ್ಕ್ರಿವ್ನರ್ ಎಂಬ ಬರವಣಿಗೆಯ ತಂತ್ರಾಂಶದ ಬಗ್ಗೆ, ಅದರಲ್ಲಿಯೂ ಬರಹ ಆ ಕ್ಷಣದಲ್ಲಿ ಇದ್ದಂತೆಯೇ ಅದರ ಒಂದು ಪ್ರತಿಯನ್ನು ತೆಗೆದಿಡುವ ‘ಸ್ನ್ಯಾಪ್‌ಶಾಟ್’ ಎಂಬ ಸೌಲಭ್ಯದ ಬಗ್ಗೆ, ಕನ್ನಡದಲ್ಲಿ ಬರೆಯುವವರ ಅಗತ್ಯಗಳನ್ನು ಮುಂದಿಟ್ಟುಕೊಂಡು ಇಲ್ಲಿ ಹೇಳುತ್ತಿದ್ದೇನೆ.

ಕೀತ್ ಬ್ಲೌಂಟ್ ಎಂಬುವರು ಬರೆಯಲು ತಮಗೆ ಬೇಕಾದಂಥ ಸಾಧನ ಸಿಗದೆ ತಾವೇ ರೂಪಿಸಿದ ತಂತ್ರಾಂಶವಿದು. ಅವರು ಕಟ್ಟಿದ ಲಿಟರೇಚರ್ ಅಂಡ್ ಲಾಟೆ ಎಂಬ ಬ್ರಿಟಿಷ್ ಸಂಸ್ಥೆ 2007ರಲ್ಲಿ ಇದನ್ನು ಮೊದಲು ಮ್ಯಾಕ್‌ಗೆ ಬಿಡುಗಡೆ ಮಾಡಿತು. ಮೂರನೆಯ ಆವೃತ್ತಿ ಮ್ಯಾಕ್‌ಗೆ 2017ರಲ್ಲಿಯೂ ವಿಂಡೋಸ್‌ಗೆ 2021ರಲ್ಲಿಯೂ ಬಂದಿತು. ನಾನು ಬಳಸುವುದು ಮ್ಯಾಕ್‌ನಲ್ಲಿ. ಇದರಲ್ಲಿ ಕಾದಂಬರಿಯನ್ನು ಒಂದೇ ಉದ್ದನೆಯ ಕಡತವಾಗಿ ಬರೆಯುವ ಅಗತ್ಯವಿಲ್ಲ. ಎಡಬದಿಯಲ್ಲಿರುವ ಬೈಂಡರ್‌ನಲ್ಲಿ ಒಂದೊಂದು ದೃಶ್ಯವನ್ನೂ ಬೇರೆ ಬೇರೆ ಹಾಳೆಯಾಗಿ ಇಟ್ಟುಕೊಂಡು, ಬೇಕಾದಾಗ ಎಲ್ಲವನ್ನೂ ಒಟ್ಟಿಗೆ ತೆರೆದು ಓದಬಹುದು. ಸ್ನ್ಯಾಪ್‌ಶಾಟ್ ಕೂಡ ಆಯಾ ಹಾಳೆಗೇ ಸೇರಿದ್ದು. ಹೀಗಾಗಿ ಹದಿನೇಳನೆಯ ದೃಶ್ಯಕ್ಕೆ ಒಂಬತ್ತು ಹಳೆಯ ಪಾಠಗಳಿದ್ದು ಹದಿನೆಂಟನೆಯದಕ್ಕೆ ಒಂದೂ ಇಲ್ಲದಿರಬಹುದು. ಕಾದಂಬರಿ ತಿದ್ದುವ ಕೆಲಸ ನಡೆಯುವುದೇ ಹೀಗೆ: ಕೆಲವು ದೃಶ್ಯಗಳು ಮೊದಲ ಸಲಕ್ಕೇ ಕೂತುಬಿಡುತ್ತವೆ, ಕೆಲವು ವರ್ಷಗಟ್ಟಲೆ ಸತಾಯಿಸುತ್ತವೆ. ಪುಸ್ತಕದ ಇಡೀ ಪ್ರತಿಯನ್ನು ಪ್ರತಿಸಲ ನಕಲು ಮಾಡಿ ಇಡುವುದಕ್ಕಿಂತ ಈ ಕ್ರಮ ಬರೆಯುವವರಿಗೆ ಹೆಚ್ಚು ಹತ್ತಿರವಾದದ್ದೆಂದು ನನ್ನ ನಂಬಿಕೆ.

ಸ್ನ್ಯಾಪ್‌ಶಾಟ್ ತೆಗೆಯಲು ಕಮಾಂಡ್ ಮತ್ತು 5, ವಿಂಡೋಸ್‌ನಲ್ಲಾದರೆ ಕಂಟ್ರೋಲ್ ಮತ್ತು 5, ಒತ್ತಿದರೆ ಸಾಕು. ಜೊತೆಗೆ ಶಿಫ್ಟ್ ಒತ್ತಿದರೆ ಆ ಪಾಠಕ್ಕೊಂದು ಹೆಸರು ಕೊಡುವ ಅವಕಾಶವೂ ಸಿಗುತ್ತದೆ. ಈ ಹೆಸರಿಡುವ ಅಭ್ಯಾಸವನ್ನು ಯಾರೂ ಬಿಡಬಾರದೆಂದು ಒತ್ತಿ ಹೇಳುತ್ತೇನೆ. ಬರೆಯುವುದನ್ನು ಎರಡು ಸೆಕೆಂಡು ನಿಲ್ಲಿಸಿದರೆ ತಂತ್ರಾಂಶ ತಾನಾಗಿಯೇ ಸೇವ್ ಮಾಡಿಕೊಳ್ಳುತ್ತದೆ. ನಾವೇ ಸೇವ್ ಒತ್ತಿದಾಗಲೆಲ್ಲ ಬದಲಾದ ಹಾಳೆಗಳ ಸ್ನ್ಯಾಪ್‌ಶಾಟ್ ತೆಗೆಯುವಂತೆಯೂ ಹೊಂದಿಸಿಕೊಳ್ಳಬಹುದು. ನಾನು ಒಂದು ತಿಂಗಳು ಹಾಗೆ ಮಾಡಿ ನೋಡಿದೆ. ಪಟ್ಟಿಯಲ್ಲಿ ದಿನಾಂಕಗಳು ಬೆಳೆದವೇ ಹೊರತು ಯಾವ ದಿನಾಂಕದ ಪಾಠ ಯಾಕೆ ಮುಖ್ಯ ಎಂಬುದು ತಿಳಿಯದಾಯಿತು. ಈಗ ದೊಡ್ಡ ತಿದ್ದುಪಡಿಗೆ ಕೈಹಾಕುವ ಮೊದಲು ಮಾತ್ರ ‘ಅಪ್ಪ ಏಕವಚನದಲ್ಲಿ’, ‘ಜಾತ್ರೆಯ ಪ್ರಸಂಗ ತೆಗೆಯುವ ಮುನ್ನ’ ಎಂಬಂಥ ಹೆಸರು ಕೊಟ್ಟು ಒಂದೊಂದನ್ನು ತೆಗೆದಿಡುತ್ತೇನೆ. ವರ್ಷ ಕಳೆದ ಮೇಲೆ ತೆರೆದರೂ ಏನು ಮಾಡಲು ಹೊರಟಿದ್ದೆನೆಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ.

ಹೋಲಿಕೆಯ ವಿಚಾರ ಇನ್ನಷ್ಟು ಸೂಕ್ಷ್ಮವಾದದ್ದು. ಬಲಬದಿಯ ಫಲಕವಾದ ಇನ್‌ಸ್ಪೆಕ್ಟರ್‌ನಲ್ಲಿ ಹಳೆಯ ಪಾಠವೊಂದನ್ನು ಆರಿಸಿ ಹೋಲಿಸುವ ಗುಂಡಿ ಒತ್ತಿದರೆ, ಈಗಿನ ಪಾಠದಲ್ಲಿ ಇಲ್ಲದ ಮಾತುಗಳು ಕೆಂಪಾಗಿ ಅಡ್ಡಗೆರೆಯೊಡನೆಯೂ ಹೊಸದಾಗಿ ಸೇರಿದ ಮಾತುಗಳು ನೀಲಿಯಾಗಿ ಅಡಿಗೆರೆಯೊಡನೆಯೂ ಕಾಣುತ್ತವೆ. ಎರಡು ಹಳೆಯ ಪಾಠಗಳನ್ನು ಆರಿಸಿ ಅವುಗಳನ್ನೇ ಒಂದಕ್ಕೊಂದು ಹೋಲಿಸುವುದಕ್ಕೂ ಸಾಧ್ಯ. ಹಳಗನ್ನಡ ಕಾವ್ಯಗಳ ಸಂಪಾದಿತ ಆವೃತ್ತಿಗಳಲ್ಲಿ ಪುಟದ ಕೆಳಗೆ ಪಾಠಾಂತರಗಳನ್ನು ಕೊಟ್ಟಿರುವುದನ್ನು ಕಂಡವರಿಗೆ ಈ ನೋಟ ಅಪರಿಚಿತವೆನಿಸದು. ಹೋಲಿಕೆಯನ್ನು ಪ್ಯಾರಾದ ಮಟ್ಟದಲ್ಲಿ, ಉಪವಾಕ್ಯದ ಮಟ್ಟದಲ್ಲಿ ಅಥವಾ ಪದದ ಮಟ್ಟದಲ್ಲಿ ಮಾಡಬಹುದು, ಮತ್ತು ಕನ್ನಡದ ಮಟ್ಟಿಗೆ ಈ ಆಯ್ಕೆ ಬಹಳ ಮುಖ್ಯವಾಗುತ್ತದೆ. ನಮ್ಮ ಭಾಷೆಯಲ್ಲಿ ವಿಭಕ್ತಿಯೂ ಅವಧಾರಣೆಯೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ತೋಟದಿಂದ’ ಎಂಬುದಕ್ಕೆ ಒಂದು ಏಕಾರ ಸೇರಿ ‘ತೋಟದಿಂದಲೇ’ ಆದರೆ ಇಡೀ ಪದವೇ ಹೊಡೆದುಹೋಗಿ ಮತ್ತೆ ಬರೆದಂತೆ ಕಾಣುತ್ತದೆ. ಏಕವಚನ ಬಹುವಚನವಾದ ನನ್ನ ದೃಶ್ಯಗಳಲ್ಲಂತೂ ವಾಕ್ಯದ ಕೊನೆಯ ಪದಗಳೆಲ್ಲ ಕೆಂಪು ನೀಲಿಯಾಗಿ, ಓದಲು ಪ್ರಯಾಸಪಡಬೇಕಾಯಿತು. ಆದ್ದರಿಂದ ಶೈಲಿಯನ್ನು ಹೋಲಿಸುವಾಗ ಉಪವಾಕ್ಯದ ಮಟ್ಟವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಪದಮಟ್ಟದ ಈ ಗಲಿಬಿಲಿಯೇ ಒಮ್ಮೆ ದೊಡ್ಡ ಉಪಕಾರ ಮಾಡಿತು. ಬಹುವಚನಕ್ಕೆ ತಿದ್ದಿದ ಅಧ್ಯಾಯವನ್ನು ಹಳೆಯದರೊಡನೆ ಹೋಲಿಸಿದಾಗ, ತಂದೆಗೆ ಸಂಬಂಧಿಸಿದ ಕ್ರಿಯಾಪದಗಳಲ್ಲಿ ಬಣ್ಣವಿಲ್ಲದೆ ಕಪ್ಪಾಗಿಯೇ ಉಳಿದವು ನಾಲ್ಕು ಇದ್ದವು. ನಾನು ತಿದ್ದಲು ಮರೆತ ‘ಹೇಳಿದ’, ‘ಎದ್ದ’ಗಳು ಅವು. ಎರಡು ಸಲ ಗಮನವಿಟ್ಟು ಓದಿದರೂ ಕಣ್ಣಿಗೆ ಬೀಳದಿದ್ದವು, ಬಣ್ಣ ಇಲ್ಲದಿರುವುದರಿಂದಲೇ ಸಿಕ್ಕಿಬಿದ್ದವು. ಉತ್ತಮ ಪುರುಷದ ನಿರೂಪಣೆಯನ್ನು ಪ್ರಥಮ ಪುರುಷಕ್ಕೆ ಬದಲಿಸುವವರಿಗೂ, ಅಂದರೆ ‘ಹೋದೆ’ಗಳನ್ನೆಲ್ಲ ‘ಹೋದಳು’ ಮಾಡುವವರಿಗೂ, ಈ ಕ್ರಮವನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆಯನ್ನು ಹೇಳಬೇಕು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಅಧ್ಯಾಯಗಳಿದ್ದರೆ, ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಒಳಗೆ ತರಬೇಕು. ಹಳೆಯ ಸಂಕೇತದ ಪಾಠವನ್ನೂ ಯೂನಿಕೋಡ್ ಪಾಠವನ್ನೂ ಹೋಲಿಸಿದರೆ ಒಂದು ಅಕ್ಷರವೂ ತಾಳೆಯಾಗದು. ಯೂನಿಕೋಡ್‌ನಲ್ಲಿಯೂ ಒತ್ತಕ್ಷರಗಳನ್ನು ಬಿಡಿಸುವುದಕ್ಕೋ ಕೂಡಿಸುವುದಕ್ಕೋ ಬಳಸುವ ಕಣ್ಣಿಗೆ ಕಾಣದ ಚಿಹ್ನೆಗಳಿವೆ. ಒಂದು ಕೀಲಿಮಣೆ ಅವನ್ನು ಸೇರಿಸಿ ಇನ್ನೊಂದು ಬಿಟ್ಟರೆ, ನೋಡಲು ಒಂದೇ ರೀತಿಯಾಗಿರುವ ಪದಗಳು ಒಳಗೆ ಬೇರೆಯಾಗಿರುತ್ತವೆ. ಒಂದು ಕಾದಂಬರಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಕೀಲಿಮಣೆ ಬಳಸುವುದು ಇದಕ್ಕೆ ಸರಳವಾದ ಪರಿಹಾರ.

ಹಳೆಯ ಪಾಠಕ್ಕೆ ಹಿಂದಿರುಗುವ ‘ರೋಲ್‌ಬ್ಯಾಕ್’ ಸೌಲಭ್ಯದಲ್ಲಿ ನನಗೆ ಮೆಚ್ಚುಗೆಯಾದದ್ದು ಅದು ತೋರುವ ಜಾಗರೂಕತೆ: ಈಗಿನ ಪಾಠವನ್ನು ತೆಗೆದುಹಾಕುವ ಮೊದಲು ಅದರ ಸ್ನ್ಯಾಪ್‌ಶಾಟ್ ಬೇಕೇ ಎಂದು ಕೇಳುತ್ತದೆ. ಆದರೂ ನಾನು ಪೂರ್ತಿಯಾಗಿ ಹಿಂದಕ್ಕೆ ಹೋದದ್ದು ಎರಡೇ ಸಲ. ಹೆಚ್ಚಿನ ಸಂದರ್ಭಗಳಲ್ಲಿ ಹಳೆಯ ಪಾಠದಿಂದ ಬೇಕಾಗುವುದು ಒಂದು ಸಂಭಾಷಣೆ ಅಥವಾ ಒಂದು ಪ್ಯಾರಾ. ಅಷ್ಟನ್ನು ಅಲ್ಲಿಂದಲೇ ನಕಲು ಮಾಡಿ ತಂದುಕೊಳ್ಳುತ್ತೇನೆ.

ಇದರ ಮಿತಿಗಳನ್ನು ತಿಳಿಯದೆ ಇದನ್ನೇ ಪೂರ್ತಿ ನಂಬಿ ಕೂರಬಾರದು. ಸ್ನ್ಯಾಪ್‌ಶಾಟ್‌ನಲ್ಲಿ ಉಳಿಯುವುದು ಆ ಹಾಳೆಯ ಪಠ್ಯ ಮಾತ್ರ. ಅದರ ಸಾರಾಂಶದ ಚೀಟಿ, ಟಿಪ್ಪಣಿಗಳು ಯಾವುವೂ ಅದರಲ್ಲಿ ಸೇರುವುದಿಲ್ಲ. ದೃಶ್ಯಗಳ ಅನುಕ್ರಮವೂ ಅದರಲ್ಲಿ ದಾಖಲಾಗುವುದಿಲ್ಲವೆಂಬುದು ಕಾದಂಬರಿಕಾರರಿಗೆ ಇನ್ನೂ ದೊಡ್ಡ ಕೊರತೆ. ಐದನೆಯ ಅಧ್ಯಾಯವನ್ನು ಎರಡನೆಯದಾಗಿಸಿ ಕಥೆಯ ಕಾಲಕ್ರಮವನ್ನೇ ಬದಲಿಸಿದ ಮೇಲೆ ಹಳೆಯ ಜೋಡಣೆ ಹೇಗಿತ್ತೆಂದು ಸ್ನ್ಯಾಪ್‌ಶಾಟ್‌ಗಳು ಹೇಳಲಾರವು. ಅದಕ್ಕಾಗಿ ಇಡೀ ಯೋಜನೆಯ, ಅಂದರೆ ಎಲ್ಲ ಹಾಳೆಗಳೂ ಸೇರಿದ ಕಾದಂಬರಿಯ ಕಡತದ, ಬ್ಯಾಕಪ್ಪನ್ನು ಬೇರೆ ಹೆಸರಿನಲ್ಲಿ ತೆಗೆದಿಡಬೇಕು. ಯೋಜನೆಯನ್ನು ಮುಚ್ಚುವಾಗ ತಂತ್ರಾಂಶ ಬ್ಯಾಕಪ್ ಮಾಡುತ್ತದಾದರೂ, ನಾವು ಬದಲಿಸದಿದ್ದರೆ ಅದು ಇತ್ತೀಚಿನ ಕೆಲವನ್ನು ಮಾತ್ರ ಉಳಿಸಿಕೊಂಡು ಹಿಂದಿನವನ್ನು ಅಳಿಸುತ್ತಾ ಹೋಗುತ್ತದೆ. ಮಗುಚಿ ಜೋಡಿಸುವ ಪ್ರತಿ ಸಂದರ್ಭದಲ್ಲಿಯೂ ನಾನು ದಿನಾಂಕ ಬರೆದ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ಸಾಗಿಸುತ್ತೇನೆ.

ಗೂಗಲ್ ಡಾಕ್ಸ್ ಬಳಸುವವರು ಅಲ್ಲಿ ಹಳೆಯ ಆವೃತ್ತಿಗಳು ತಾವಾಗಿಯೇ ಉಳಿಯುತ್ತವೆಂದು ಹೇಳುತ್ತಾರೆ. ಆ ಮಾತು ನಿಜ, ಅದಕ್ಕೆ ಖರ್ಚೂ ಇಲ್ಲ. ಆದರೆ ಅಲ್ಲಿನ ಇತಿಹಾಸ ಇಡೀ ಕಡತಕ್ಕೆ ಸೇರಿದ್ದು. ಮುನ್ನೂರು ಪುಟಗಳ ನಡುವೆ ಒಂದು ದೃಶ್ಯ ನಡೆದುಬಂದ ದಾರಿಯನ್ನು ಹುಡುಕುವುದು ತಾಳ್ಮೆ ಬೇಡುವ ಕೆಲಸ. ಸಣ್ಣಕಥೆಗಾರರಿಗೆ ಅದು ಧಾರಾಳವಾಗಿ ಸಾಕು.

ಸ್ಕ್ರಿವ್ನರ್‌ನ ಬೆಲೆ ಸುಮಾರು 60 ಡಾಲರ್. ಒಮ್ಮೆ ಕೊಟ್ಟರಾಯಿತು, ತಿಂಗಳ ಚಂದಾ ಇಲ್ಲ. ಆದರೂ ಕನ್ನಡ ಪುಸ್ತಕದ ಗೌರವಧನವನ್ನು ನೆನೆದರೆ ಇದು ಸಣ್ಣ ಮೊತ್ತವಲ್ಲ, ಪರೀಕ್ಷಿಸದೆ ಕೊಳ್ಳಬೇಡಿರೆಂದೇ ಹೇಳುತ್ತೇನೆ. ಉಚಿತವಾಗಿ ಬಳಸಿ ನೋಡಲು 30 ದಿನಗಳ ಅವಕಾಶವಿದ್ದು, ತಂತ್ರಾಂಶವನ್ನು ತೆರೆದ ದಿನಗಳು ಮಾತ್ರ ಅದರಲ್ಲಿ ಎಣಿಕೆಯಾಗುತ್ತವೆ. ಶನಿವಾರ ಭಾನುವಾರಗಳಲ್ಲಷ್ಟೇ ಬರೆಯುವವರಿಗೆ ಅದು ಹದಿನೈದು ವಾರಗಳಷ್ಟಾಗುತ್ತದೆ. ಒಂದು ಅಧ್ಯಾಯವನ್ನು ಬರೆದು, ಎರಡು ಸಲ ತಿದ್ದಿ, ಮೂರೂ ಪಾಠಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದಕ್ಕೆ ಅಷ್ಟು ಕಾಲ ಸಾಕು.