ನದಿ ನೀರಿನ ಸಾವಯವ ವಸ್ತು ಎಲ್ಲಿಂದ ಬಂತು: ಮೂರು ವಿಧಾನಗಳ ಹೋಲಿಕೆ

ಒಂದೇ ವಿಧಾನ ಆರಿಸಿಕೋ ಅಂದರೆ ನಾನು ಫ್ಲೋರೆಸೆನ್ಸ್ ಅಂತಲೇ ಹೇಳುತ್ತೇನೆ. ನದಿಯಲ್ಲಿ ಕರಗಿರುವ ಸಾವಯವ ವಸ್ತುವಿನ ಮೂಲ ಹುಡುಕಲು ಇದನ್ನೂ, ಕಾರ್ಬನ್ ಐಸೊಟೋಪನ್ನೂ (ತೂಕ ಬೇರೆಯಾದ ಇಂಗಾಲದ ಪರಮಾಣುಗಳ ಅಳತೆ), ಲಿಗ್ನಿನ್ (ಗಿಡಮರಕ್ಕೆ ಗಟ್ಟಿತನ ಕೊಡುವ ವಸ್ತು) ಪರೀಕ್ಷೆಯನ್ನೂ ಮಾಡಿ ನೋಡಿದ್ದೇನೆ.

ಫ್ಲೋರೆಸೆನ್ಸ್‌ಗೆ ಸೋಸಿದ ನೀರು ಒಂದು ಚಿಕ್ಕ ಕ್ಯುವೆಟ್ (ಬೆಳಕು ಹಾಯುವ ಪಾರದರ್ಶಕ ಪಾತ್ರೆ) ತುಂಬುವಷ್ಟಿದ್ದರೆ ಸಾಕು. ಬೇರೆ ಬೇರೆ ತರಂಗಾಂತರದ ಬೆಳಕು ಹಾಯಿಸಿ, ನೀರು ತಿರುಗಿ ಹೊಮ್ಮಿಸುವ ಬೆಳಕನ್ನು ಅಳೆಯುತ್ತೇವೆ. ಪರದೆಯ ಮೇಲೆ ಗುಡ್ಡಗಾಡಿನ ನಕ್ಷೆಯಂಥ ಚಿತ್ರ ಮೂಡುತ್ತದೆ. ಮಣ್ಣು, ಕೊಳೆತ ಎಲೆಯಿಂದ ಬಂದದ್ದು ಹೊಮ್ಮುವ ಬೆಳಕಿನ 420ರಿಂದ 480 ನ್ಯಾನೋಮೀಟರ್ ನಡುವೆ ಗುಡ್ಡ ಎಬ್ಬಿಸುತ್ತದೆ. ಪ್ರೋಟೀನ್ ತರಹದ್ದು 340ರ ಆಸುಪಾಸು. 370ರ ಬೆಳಕು ಹಾಯಿಸಿ, 470ರಲ್ಲಿ ಸಿಕ್ಕಿದ್ದನ್ನು 520ರಲ್ಲಿ ಸಿಕ್ಕಿದ್ದರಿಂದ ಭಾಗಿಸಿ ನೋಡಿ. ಉತ್ತರ 1.3ರ ಸುತ್ತ ಇದ್ದರೆ ನೆಲದ ಗಿಡಮರ, 1.8ರ ಹತ್ತಿರ ಇದ್ದರೆ ಪಾಚಿ, ಬ್ಯಾಕ್ಟೀರಿಯಾ. ನೀರು ತುಂಬಾ ಕಂದಾಗಿದ್ದರೆ ಅದು ತನ್ನ ಬೆಳಕನ್ನು ತಾನೇ ನುಂಗಿಬಿಡುತ್ತದೆ, ಗುಡ್ಡ ತಗ್ಗಾಗಿ ಕಾಣುತ್ತದೆ. ಆಗ ಶುದ್ಧ ನೀರು ಬೆರೆಸಿ ತೆಳು ಮಾಡಲೇಬೇಕು. ಇದರ ದೊಡ್ಡ ಕೊರತೆ ಬೇರೆ: 340ರ ಗುಡ್ಡ ಪಾಚಿಯದ್ದೋ ಚರಂಡಿಯದ್ದೋ ಅಂತ ಅದೊಂದನ್ನೇ ನೋಡಿ ಹೇಳೋಕಾಗಲ್ಲ.

ಐಸೊಟೋಪ್ ಬಗ್ಗೆ ಜನ ಸುಮ್ನೆ ಜಾಸ್ತಿ ಹೊಗಳುತ್ತಾರೆ ಅನ್ನಿಸುತ್ತದೆ. ಕಾರ್ಬನ್-13 (ಭಾರದ ಇಂಗಾಲ) ಒಂದು ಮಾನಕ ವಸ್ತುವಿಗಿಂತ ಎಷ್ಟು ಹೆಚ್ಚು-ಕಡಿಮೆ ಇದೆ ಅಂತ ಅಳೆಯುತ್ತೇವೆ. ಮರಗಳು, ಭತ್ತ, ಗೋಧಿಯ ಅಳತೆ ಸಾವಿರಕ್ಕೆ -27ರ ಸುತ್ತ. ಕಬ್ಬು, ಮೆಕ್ಕೆಜೋಳದ್ದು -13ರ ಸುತ್ತ. ಈ ಎರಡನ್ನು ಬೇರ್ಪಡಿಸಲು ಚೆನ್ನ. ಆದರೆ ನದಿಯ ಪಾಚಿ ನೀರಲ್ಲಿ ಕರಗಿದ ಇಂಗಾಲವನ್ನು ಹೀರುತ್ತದೆ, ಅದರ ಅಳತೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಎಷ್ಟೋ ಸಲ ಪಾಚಿಯೂ ಮರವೂ ಒಂದೇ ಅಂಕಿ ತೋರಿಸುತ್ತವೆ. ಆಗ ಏನು ಹೇಳೋದು, ಅಲ್ವಾ? ಜೊತೆಗೆ, ಮೊದಲೇ ಆಸಿಡ್ ಹಾಕಿ ಬೈಕಾರ್ಬನೇಟ್ ಓಡಿಸದಿದ್ದರೆ ಇಡೀ ಲೆಕ್ಕವೇ ತಪ್ಪು.

ಲಿಗ್ನಿನ್ ಮಾತ್ರ ಖಡಾಖಂಡಿತ. ಪಾಚಿ, ಬ್ಯಾಕ್ಟೀರಿಯಾ ಅದನ್ನು ತಯಾರಿಸುವುದಿಲ್ಲ, ಸಿಕ್ಕಿದರೆ ಗಿಡಮರದ್ದೇ. ಲಿಗ್ನಿನ್ ಒಡೆದಾಗ ಸಿಗುವ ಸಿರಿಂಜಿಲ್ ಮತ್ತು ವ್ಯಾನಿಲಿಲ್ ಫೀನಾಲ್‌ಗಳ ಅನುಪಾತ ಸೊನ್ನೆಯ ಹತ್ತಿರ ಬಂದರೆ ಪೈನ್ ಜಾತಿಯ ಮರ, ಮೇಲೆ ಏರಿದರೆ ಹೂ ಬಿಡುವ ಗಿಡ. ಆದರೆ ಲೀಟರ್‌ಗಟ್ಟಲೆ ನೀರು ಬೇಕು. ತಾಮ್ರದ ಆಕ್ಸೈಡ್ ಜೊತೆ ಕ್ಷಾರದಲ್ಲಿ, ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ 150 ಡಿಗ್ರಿ ದಾಟಿ ಕಾಯಿಸಬೇಕು. ಬೆನ್ನು ಮುರಿಯುವ ಕೆಲಸ. ಬಿಸಿಲಿಗೆ ಸಿಕ್ಕ ನೀರಲ್ಲಿ ಈ ಅನುಪಾತವೂ ಸ್ವಲ್ಪ ವಾಲುತ್ತದೆ.

ಈಗ ನಾನು ಎಲ್ಲ ಮಾದರಿಗೂ ಫ್ಲೋರೆಸೆನ್ಸ್ ಮಾಡುತ್ತೇನೆ. ಪ್ರವಾಹದ್ದು ಒಂದು, ನೀರು ಇಳಿದಾಗಿನದ್ದು ಒಂದು ಆರಿಸಿ ಅವಕ್ಕೆ ಮಾತ್ರ ಲಿಗ್ನಿನ್. ದಡದಲ್ಲಿ ಕಬ್ಬೋ ಮೆಕ್ಕೆಜೋಳವೋ ಇದ್ದರಷ್ಟೇ ಐಸೊಟೋಪ್.