ಕೆಲಸ ಬಿಟ್ಟು ಹಸು ಕಟ್ಟುವ ಮುನ್ನ: 18 ಲೀಟರಿನ ಲೆಕ್ಕ ಎಲ್ಲಿ ತಪ್ಪುತ್ತದೆ

ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ 21 ವರ್ಷ ದುಡಿದು, 47ನೇ ವಯಸ್ಸಿಗೆ ರಾಜೀನಾಮೆ ಕೊಟ್ಟು, ಊರಿನ ಎರಡೆಕರೆಯಲ್ಲಿ ಹತ್ತು ಹಸು ಕಟ್ಟಿದವರೊಬ್ಬರ ಕೊಟ್ಟಿಗೆ ಹದಿನಾಲ್ಕನೇ ತಿಂಗಳಿಗೆ ಖಾಲಿಯಾಯಿತು. ತಂದ ಬೆಲೆಯ ಅರ್ಧಕ್ಕೆ ಹಸುಗಳು ಹೋದವು. ಪಿಎಫ್ ಮತ್ತು ಗ್ರಾಚ್ಯುಟಿ ಹಣವೆಲ್ಲ ಶೆಡ್ಡಿನ ಕಬ್ಬಿಣ, ಸಿಮೆಂಟಾಗಿ ನಿಂತಿದೆ. ಅವರೇನೂ ಸೋಮಾರಿಯಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೆಗಣಿ ಬಾಚಿದವರು. ಎಡವಿದ್ದು ಲೆಕ್ಕದಲ್ಲಿ. ಅದೇ ಲೆಕ್ಕದ ಹಾಳೆ ವಾಟ್ಸಾಪಿನಲ್ಲಿ, ಯೂಟ್ಯೂಬಿನಲ್ಲಿ ಇಂದಿಗೂ ಓಡಾಡುತ್ತಿದೆ. ನಲವತ್ತೈದು ದಾಟಿ, ಊರಿಗೆ ಹೋಗಿ ಹೈನುಗಾರಿಕೆ ಮಾಡೋಣ ಎಂದು ಯೋಚಿಸುತ್ತಿರುವವರು ಇದನ್ನು ಪೂರ್ತಿ ಓದಬೇಕು.

ಆ ಹಾಳೆಯಲ್ಲಿ ಇದ್ದದ್ದು ಇಷ್ಟು. ಹತ್ತು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಹಸು, ಒಂದಕ್ಕೆ ದಿನಕ್ಕೆ 18 ಲೀಟರ್, ಒಟ್ಟು 180 ಲೀಟರ್. ಲೀಟರಿಗೆ 35 ರೂಪಾಯಿಯಂತೆ ದಿನಕ್ಕೆ 6,300, ತಿಂಗಳಿಗೆ 1,89,000. ಖರ್ಚು ಹೀಗೆ: ಫೀಡ್ 75,600, ದಂಪತಿ ಆಳುಗಳಿಗೆ 25,000, ರಾಗಿ ಹುಲ್ಲು 12,000, ಔಷಧಿ, ಕರೆಂಟು, ಖನಿಜ ಮಿಶ್ರಣಕ್ಕೆ 8,000. ಕಳೆದರೆ ತಿಂಗಳಿಗೆ 68,400 ಉಳಿಯಬೇಕು. ಕೂಡುವುದು ಕಳೆಯುವುದು ಎಲ್ಲ ಸರಿಯಾಗಿಯೇ ಇದೆ. ತಪ್ಪಿರುವುದು ಆ 18.

ಹಸು ಹದಿನೆಂಟು ಲೀಟರ್ ಕೊಡುವುದು ಸುಳ್ಳಲ್ಲ. ಆದರೆ ಅದು ಕರು ಹಾಕಿ ಆರರಿಂದ ಎಂಟು ವಾರಕ್ಕೆ ಬರುವ ಮೇಲ್ಮಟ್ಟ. ಅಲ್ಲಿಂದಾಚೆ ಪ್ರತಿ ತಿಂಗಳೂ ಇಳಿಮುಖ. ಒಂದು ಸೂಲಿನ, ಅಂದರೆ ಕರು ಹಾಕಿದ ಮೇಲೆ ಹಾಲು ಕೊಡುವ, 305 ದಿನಗಳಲ್ಲಿ ಒಟ್ಟು ಎಷ್ಟು ಹಾಲು ಸಿಗುತ್ತದೆಂದು ಅಂದಾಜು ಮಾಡಲು ಆ ಮೇಲ್ಮಟ್ಟದ ಹಾಲನ್ನು 200ರಿಂದ ಗುಣಿಸಿ. 18 ಲೀಟರಿನ ಹಸುವಿಗೆ 3,600 ಲೀಟರ್. ಇನ್ನು ಒಂದು ಕರುವಿನಿಂದ ಮುಂದಿನ ಕರುವಿಗೆ ಎಷ್ಟು ದಿನ? ಪುಸ್ತಕದಲ್ಲಿ 12–13 ತಿಂಗಳು. ಚೆನ್ನಾಗಿ ನೋಡಿಕೊಂಡ ಕೊಟ್ಟಿಗೆಯಲ್ಲೂ 14 ತಿಂಗಳು ಸಾಮಾನ್ಯ, ಅಂದರೆ 420 ದಿನ. 3,600 ಲೀಟರನ್ನು 420ಕ್ಕೆ ಹಂಚಿದರೆ ದಿನಕ್ಕೆ ಎಂಟೂವರೆ ಲೀಟರ್ ಚಿಲ್ಲರೆ. ಮೇವು ಹಾಕುವುದು ಅಷ್ಟೂ ದಿನ.

ಈಗ ಹಾಳೆಯನ್ನು ಹೊಸದಾಗಿ ಬರೆಯಿರಿ. ಹತ್ತು ಹಸುವಿಗೆ ಸರಾಸರಿ 86 ಲೀಟರ್, ತಿಂಗಳಿಗೆ ಸುಮಾರು 90,000. ಹಾಲು ಕಡಿಮೆಯಾದಾಗ ಫೀಡೂ ಕಡಿಮೆ. ಮೈ ಉಳಿಸಿಕೊಳ್ಳಲು ಹಸುವಿಗೆ 2 ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿ ಎಂದು ಲೆಕ್ಕ ಹಿಡಿದರೆ ಫೀಡಿಗೆ 45,000. ಆಳು, ಹುಲ್ಲು, ಔಷಧಿ ಹಾಗೆಯೇ ಇರುತ್ತವೆ. ಒಟ್ಟು ಖರ್ಚೂ 90,000. ಬಂದದ್ದು ಹೋದದ್ದು ಸರಿಸಮ. ಸರ್ಕಾರದ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ಮತ್ತು ಗೊಬ್ಬರ, ಕೈಗೆ ಉಳಿಯುವುದು ಇವೆರಡೇ. ಪ್ರೋತ್ಸಾಹಧನ ಹಾಲಿನ ಬಟವಾಡೆಯ ಜೊತೆ ಬರುವುದಿಲ್ಲ, ತಿಂಗಳುಗಟ್ಟಲೆ ತಡವಾಗುತ್ತದೆ. ಮನೆ ಖರ್ಚು, ಮಕ್ಕಳ ಫೀಸು, ಸಾಲದ ಕಂತು ಈ ಲೆಕ್ಕದೊಳಗೆ ಇಲ್ಲವೇ ಇಲ್ಲ.

ಅವರಿಗೆ ಮೊದಲ ಮೂರು ತಿಂಗಳು ಹಾಳೆಯಲ್ಲಿದ್ದಷ್ಟೇ ಹಣ ಬಂತು. ಅದೇ ಮೋಸವಾದದ್ದು. ಹತ್ತೂ ಹಸುಗಳನ್ನು ಒಂದೇ ವಾರದಲ್ಲಿ, ಎಲ್ಲವೂ ಹೊಸದಾಗಿ ಕರು ಹಾಕಿದ್ದನ್ನೇ ಆರಿಸಿ ತಂದಿದ್ದರು. ಒಟ್ಟಿಗೆ ಏರಿದ ಹಾಲು ಒಟ್ಟಿಗೇ ಇಳಿಯಿತು. ಎಂಟನೇ ತಿಂಗಳಲ್ಲಿ ಪಶುವೈದ್ಯರು ಕೈ ಹಾಕಿ ನೋಡಿದಾಗ ಹತ್ತರಲ್ಲಿ ಮೂರು ಮಾತ್ರ ಗಬ್ಬ. ಹಾಲು ಬತ್ತುತ್ತಾ ಬಂತು, ಮುಂದಿನ ಕರು ಕಣ್ಣಿಗೆ ಕಾಣದಷ್ಟು ದೂರ.

ಗಬ್ಬ ಏಕೆ ನಿಲ್ಲಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು, ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಲಕ್ಷಣ ಕಾಣುವುದು ಅರ್ಧ ದಿನದಿಂದ ಮುಕ್ಕಾಲು ದಿನ, ಅದೂ ಹಲವು ಸಲ ರಾತ್ರಿ ಅಥವಾ ನಸುಕಿನಲ್ಲಿ. ಬಾಲದ ಬುಡದಿಂದ ಗಾಜಿನ ಎಳೆಯಂತೆ ತೆಳುವಾದ, ತಿಳಿಯಾದ ಲೋಳೆ ಇಳಿಬಿದ್ದಿರುತ್ತದೆ. ಬೆಳಗ್ಗೆ ಅದು ಒಣಗಿ ಬಾಲದ ಕೂದಲಿಗೆ ಅಂಟಿಕೊಂಡ ಮೇಲೆ ನೋಡಿದರೆ ಸಮಯ ಮೀರಿರಬಹುದು. ಕಟ್ಟಿಹಾಕಿದ ಹಸು ಬೇರೆ ಹಸುವಿನ ಮೇಲೆ ಹತ್ತುವಂತಿಲ್ಲ, ಹೆಚ್ಚು ಹಾಲಿನ ಎಚ್‌ಎಫ್‌ಗಳು ಎಷ್ಟೋ ಸಲ ಕೂಗುವುದೂ ಇಲ್ಲ. ಆಳಿಗೆ ಇದು ತನ್ನ ಕೆಲಸ ಅನ್ನಿಸುವುದಿಲ್ಲ. ಹೀಗೆ ಒಂದು ಬೆದೆ ತಪ್ಪಿದರೆ 21 ದಿನದ ಮೇವು, ಕೂಲಿ ದಂಡ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಬೇಕು. ಕರು ಹಾಕಿದ 60 ದಿನದ ಮೇಲೆ ಶುರು ಮಾಡಿ, ಇಂಜೆಕ್ಷನ್ ಆದ ಎರಡರಿಂದ ಮೂರು ತಿಂಗಳೊಳಗೆ ಗಬ್ಬ ನೋಡಿಸಿ, ಎಲ್ಲ ತಾರೀಖನ್ನೂ ಕೊಟ್ಟಿಗೆಯಲ್ಲೇ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಬರೆಯಿರಿ. ತಲೆಯಲ್ಲಿ ಇಟ್ಟುಕೊಂಡದ್ದು ಉಳಿಯುವುದಿಲ್ಲ.

ಎರಡನೇ ಪೆಟ್ಟು ಕೆಚ್ಚಲು ಬಾವು. ಕಣ್ಣಿಗೆ ಕಾಣುವ ಊತಕ್ಕಿಂತ ಕಾಣದ ಬಾವೇ ಹೆಚ್ಚು ಹಾಲು ತಿನ್ನುತ್ತದೆ. ದಿನವೂ ಹಿಂಡುವ ಮೊದಲು ನಾಲ್ಕೂ ತೊಟ್ಟಿನ ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಬಿಡಿ. ಬಟ್ಟೆಯ ಮೇಲೆ ಒಡೆದ ಹಾಲಿನಂತಹ ಚೂರು ಉಳಿದರೆ ಅಂದೇ ವೈದ್ಯರನ್ನು ಕರೆಸಿ. ಆ್ಯಂಟಿಬಯೋಟಿಕ್ ಕೊಟ್ಟರೆ ಔಷಧಿಯ ಮೇಲೆ ಬರೆದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಆ ದಿನಗಳ ನಷ್ಟವನ್ನು ಯಾವ ಯೋಜನಾ ಹಾಳೆಯೂ ತೋರಿಸುವುದಿಲ್ಲ.

ಹಸು ಕೊಳ್ಳುವಾಗ ದಲ್ಲಾಳಿ “ಯಜಮಾನ್ರೇ, ಎರಡು ಹೊತ್ತಿಗೆ 18 ಲೀಟರ್ ಗ್ಯಾರಂಟಿ” ಎನ್ನುತ್ತಾನೆ. ಹಿಂದಿನ ಹೊತ್ತು ಹಿಂಡದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದು ಹಳೆಯ ತಂತ್ರ. ಮಾರುವವರ ಕೊಟ್ಟಿಗೆಯಲ್ಲೇ ಸತತ ಮೂರು ಹೊತ್ತು ನಿಮ್ಮ ಕಣ್ಣೆದುರು ಹಿಂಡಿಸಿ, ಮೊದಲ ಹೊತ್ತಿನದನ್ನು ಬಿಟ್ಟು ಉಳಿದೆರಡನ್ನು ಕೂಡಿ. ಮೊದಲ ಅಥವಾ ಎರಡನೇ ಸೂಲಿನದಾಗಿರಲಿ. ಗಬ್ಬ ಎಂದರೆ ನಿಮ್ಮ ಕಡೆಯ ವೈದ್ಯರಿಂದಲೇ ನೋಡಿಸಿ. ತಂದ ಹಸುವನ್ನು ಎರಡು ಮೂರು ವಾರ ಬೇರೆ ಕಟ್ಟಿ. ಕಾಲುಬಾಯಿ ಜ್ವರ, 2022ರಲ್ಲಿ ರಾಜ್ಯದ ಎಷ್ಟೋ ಕೊಟ್ಟಿಗೆಗಳನ್ನು ಕಾಡಿದ ಚರ್ಮಗಂಟು ರೋಗ, ರಕ್ತ ಹೀರುವ ಉಣ್ಣಿಯಿಂದ ಬರುವ ಥೈಲೇರಿಯಾ ರೋಗ, ಎಲ್ಲವೂ ಸಂತೆಯ ಹಸುವಿನ ಜೊತೆ ಮನೆಗೆ ಬರಬಲ್ಲವು.

ಶೆಡ್ಡಿಗೆ ಅವರು ಆರು ಲಕ್ಷ ಸುರಿದರು. ನಾಲ್ಕು ಹಸುವಿಗೆ ಹಳೆಯ ಕೊಟ್ಟಿಗೆಯ ನೆಲ ಸರಿಮಾಡಿಸಿ, ಮ್ಯಾಟ್ ಹಾಸಿದರೆ ಸಾಕು. ಹಸು ಮಾರಿದರೆ ಅರ್ಧವಾದರೂ ಬರುತ್ತದೆ, ಶೆಡ್ಡು ಮಾರಲು ಬರುವುದಿಲ್ಲ.

ಮಾಡಬೇಕಾದದ್ದು ಇದು: ಕೆಲಸದಲ್ಲಿ ಇದ್ದುಕೊಂಡೇ, ಊರಿನಲ್ಲಿ ಮನೆಯವರೊಬ್ಬರು ನೋಡಿಕೊಳ್ಳುವಂತಿದ್ದರೆ ಮಾತ್ರ, ಎರಡು ಹಸು ತನ್ನಿ. ನಾಲ್ಕು ತಿಂಗಳ ನಂತರ ಇನ್ನೆರಡು. ಅದಕ್ಕೂ ಮೊದಲು ಅರ್ಧ ಎಕರೆ ನೀರಾವರಿಯಲ್ಲಿ ನೇಪಿಯರ್ ಹುಲ್ಲು ಎದ್ದು ನಿಂತಿರಬೇಕು, ಒಂದು ಹಸುವಿಗೆ ದಿನಕ್ಕೆ 25–30 ಕೆಜಿ ಹಸಿಮೇವು ಬೇಕು. ಡೈರಿಯಲ್ಲಿ ದರ ನಿಲ್ಲುವುದು ಫ್ಯಾಟ್ (ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮೇಲೆ, ಶೇ 3.5 ಮತ್ತು ಶೇ 8.5ಕ್ಕಿಂತ ಕೆಳಗಿಳಿದರೆ ದರ ಕಡಿತ. ಬರೀ ಹಸಿಮೇವು ಹಾಕಿ ಒಣಹುಲ್ಲು ಬಿಟ್ಟರೆ ಫ್ಯಾಟ್ ಇಳಿಯುತ್ತದೆ. ನಿಮ್ಮ ಕೊಟ್ಟಿಗೆಯಲ್ಲೇ ಗಬ್ಬ ನಿಂತ ಹಸು ನಿಮ್ಮ ಕೊಟ್ಟಿಗೆಯಲ್ಲೇ ಕರು ಹಾಕುವ ತನಕ ರಾಜೀನಾಮೆ ಪತ್ರ ಬರೆಯಬೇಡಿ. ಹದಿನಾಲ್ಕು ತಿಂಗಳು ದೀರ್ಘ ಅನ್ನಿಸುತ್ತದೆ, ನಿಜ. ಆದರೆ 48ನೇ ವಯಸ್ಸಿನಲ್ಲಿ ಹಳೆಯ ಸಂಬಳದ ಕೆಲಸವನ್ನು ಮತ್ತೆ ಹುಡುಕುವುದು ಅದಕ್ಕಿಂತ ದೀರ್ಘ.

ಕಂಪನಿ ಬಿಡುವಾಗಿನ ಕಾಗದಪತ್ರದಲ್ಲೂ ಅವರು ಒಂದು ದೊಡ್ಡ ತಪ್ಪು ಮಾಡಿದರು. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಆಮೇಲೆ ಹೊಸ ಪಾಲಿಸಿ ಮಾಡಿಸಿದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಇನ್ನೂ ನೌಕರಿಯಲ್ಲಿರುವಾಗಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಲಿಖಿತವಾಗಿ ಕೇಳಿ. ಪಿಎಫ್ ಪೂರ್ತಿ ತೆಗೆದು ಹಸುವಿಗೆ ಹಾಕಬೇಡಿ. ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿದ್ದರೆ 58ಕ್ಕೆ ಪೂರ್ಣ ಪಿಂಚಣಿ, 50ರ ನಂತರ ಬೇಗ ತೆಗೆದುಕೊಂಡರೆ ವರ್ಷಕ್ಕೆ ಶೇ 4ರಂತೆ ಕಡಿತ. ಹತ್ತು ತುಂಬಿಲ್ಲದಿದ್ದರೆ ಹಣ ವಾಪಸ್ ಕೇಳುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದರೆ ಮುಂದೆ ಮತ್ತೆ ಕೆಲಸಕ್ಕೆ ಸೇರಿದಾಗ ಹಳೆಯ ವರ್ಷಗಳು ಕೂಡಿಕೊಳ್ಳುತ್ತವೆ.

ಈಗಾಗಲೇ ಕೆಲಸ ಬಿಟ್ಟು ಕೊಟ್ಟಿಗೆಯಲ್ಲಿ ಹಾಲು ಇಳಿಯುತ್ತಿರುವುದನ್ನು ನೋಡುತ್ತಿರುವವರು ಸಾಲ ಮಾಡಿ ಹೊಸ ಹಸು ತರಬೇಡಿ. ಕೂಡಲೇ ಎಲ್ಲ ಹಸುಗಳ ಗಬ್ಬ ನೋಡಿಸಿ. ಕರು ಹಾಕಿ ಐದು ತಿಂಗಳು ದಾಟಿಯೂ ಗಬ್ಬ ನಿಲ್ಲದವನ್ನು ವೈದ್ಯರಿಗೆ ತೋರಿಸಿ, ಗರ್ಭಕೋಶದಲ್ಲಿ ಸರಿಯಾಗದ ದೋಷವಿದ್ದರೆ ಹಾಲು ಇರುವಾಗಲೇ ಮಾರಿ, ಬತ್ತಿದ ಮೇಲೆ ಬೆಲೆ ಸಿಗುವುದಿಲ್ಲ. ಆ ಹಣದಲ್ಲಿ ಆರೇಳು ತಿಂಗಳ ಗಬ್ಬದ ಒಂದೆರಡು ಹಸು ತಂದರೆ ಉಳಿದವು ಬತ್ತುವ ಹೊತ್ತಿಗೆ ಇವು ಕರು ಹಾಕುತ್ತವೆ, ಡೈರಿಯ ಪುಸ್ತಕದಲ್ಲಿ ಖಾಲಿ ಸಾಲು ಬೀಳುವುದು ತಪ್ಪುತ್ತದೆ.