ಹಗಲು ಕೇಂದ್ರವೋ, ರಾತ್ರಿ ತಂಗುದಾಣವೋ?

2011ರ ಜನಗಣತಿ ಪ್ರಕಾರ ದೇಶದ ಪಟ್ಟಣಗಳಲ್ಲೇ ಸುಮಾರು 9.38 ಲಕ್ಷ ಜನರಿಗೆ ಸೂರಿಲ್ಲ. ಇಂಥವರಿಗೆ ನಿಮ್ಮ ಸಂಘ ಏನಾದರೂ ಮಾಡಬೇಕು ಅಂತಿದ್ದರೆ ದಾರಿ ಎರಡು: ರಾತ್ರಿ ಮಲಗಲು ತಂಗುದಾಣ, ಇಲ್ಲವೇ ಹಗಲು ಹೊತ್ತು ಬಂದು ಹೋಗುವ ಕೇಂದ್ರ.

ತಂಗುದಾಣಕ್ಕೆ ಖರ್ಚು ಜಾಸ್ತಿ. ಹಾಸಿಗೆ, ಕಾವಲು, ರಾತ್ರಿ ಪಾಳಿಯ ಸಿಬ್ಬಂದಿ, ಹೆಂಗಸರಿಗೆ ಬೇರೆ ಜಾಗ. ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನ ಹಾಕಿಕೊಟ್ಟ ಅಳತೆಯೇ ತಲೆಗೆ 50 ಚದರ ಅಡಿ. ಆದರೆ ಮಳೆ, ಚಳಿ, ಕಳ್ಳರ ಕಾಟದಿಂದ ಕಾಪಾಡುವುದು ಅದೇ. ಒಂಟಿ ಹೆಂಗಸರಿಗೆ, ಮಕ್ಕಳಿರುವವರಿಗೆ ಬೇರೆ ಮಾತೇ ಇಲ್ಲ.

ಹಗಲು ಕೇಂದ್ರಕ್ಕೆ ಒಂದು ಹಾಲ್ ಸಾಕು. ಸ್ನಾನ, ಬಟ್ಟೆ ಒಗೆಯುವ ಕಲ್ಲು, ಮೊಬೈಲ್ ಚಾರ್ಜಿಂಗ್, ಲಾಕರ್. ಲಾಕರ್ ಏನು ಮಹಾ ಅನ್ನಬೇಡಿ. ಗಂಟುಮೂಟೆ ಹೊತ್ತು ಕೂಲಿಗೆ ನಿಂತವನನ್ನು ಮೇಸ್ತ್ರಿ ಕರೆಯುವುದು ಕಷ್ಟ. ಫುಟ್‌ಪಾತಿನಲ್ಲಿ ಬಿಟ್ಟು ಹೋದರೆ ಸಂಜೆಗೆ ಚೀಲ ಇರುವುದಿಲ್ಲ, ಅದರೊಳಗಿನ ಆಧಾರ್ ಕಾರ್ಡೂ ಇರುವುದಿಲ್ಲ. ಮತ್ತೆ ಕಾರ್ಡ್ ಮಾಡಿಸಲು, ಪಿಂಚಣಿ ಅರ್ಜಿ ತುಂಬಲು ಜೊತೆಗೊಬ್ಬರು ಬೇಕು. ಕಚೇರಿಗಳು ತೆರೆದಿರುವುದೂ ಹಗಲಲ್ಲೇ ಅಲ್ವಾ?

ಇನ್ನು ಮಾರ್ಕೆಟ್‌ನಲ್ಲಿ ರಾತ್ರಿಯೆಲ್ಲ ಮೂಟೆ ಹೊರುವವರು ಮಲಗುವುದೇ ಹಗಲು. ಬೆಳಗಾದರೆ ಎಬ್ಬಿಸಿ ಕಳಿಸುವ ತಂಗುದಾಣ ಕಟ್ಟಿಕೊಂಡು ಅವರೇನು ಮಾಡಬೇಕು?

ನಿಮ್ಮೂರಲ್ಲಿ ತಂಗುದಾಣವೇ ಇಲ್ಲದಿದ್ದರೆ ಮೊದಲು ನಗರಸಭೆಯನ್ನು ಕೇಳಿ. ಲಕ್ಷ ಜನಸಂಖ್ಯೆಗೊಂದು ಬೇಕು, ದಿನದ 24 ಗಂಟೆಯೂ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ತಂಗುದಾಣ ಇದ್ದು, ಹಗಲು ಬಾಗಿಲು ಹಾಕುತ್ತಿದ್ದರೆ ನಿಮ್ಮ ದುಡ್ಡು ಹಗಲು ಕೇಂದ್ರಕ್ಕೇ ಹೋಗಲಿ. ಬಸ್ ಸ್ಟ್ಯಾಂಡ್ ಹತ್ತಿರವೇ ಜಾಗ ಹುಡುಕಿ. ಬಾಡಿಗೆ ಕಡಿಮೆ ಅಂತ ಊರಾಚೆ ಮಾಡಿದರೆ ಯಾರೂ ಬರುವುದಿಲ್ಲ.